ಖಂಡೇಪೂಜೆಯಲ್ಲಿ ಕಾರಿಗೆ ಹಾಕಿದ ಎಣ್ಣೆ

ಕಾರಿನ ಚಾವಿ ಸೋಮವಾರದಿಂದ ತಮ್ಮ ಕೈಗೆ ಬರಬೇಕು ಎಂದು ನಮ್ಮ ಮಾವ ಈರಪ್ಪನವರು ಹೇಳಿದಾಗ ನಾನು ರೊಟ್ಟಿ ಮುರಿಯುತ್ತಿದ್ದೆ. ಮುರಿದ ತುತ್ತು ಬಾಯಿಗೆ ಹೋಗಲಿಲ್ಲ. ನನಗೆ ಸಿಟ್ಟು ಬಂದರೆ ಮೊದಲು ಕಿವಿ ಬಿಸಿಯಾಗುತ್ತವೆ. ಅವತ್ತು ಎರಡೂ ಕಿವಿಯ ಮೇಲೆ ರೊಟ್ಟಿ ಬೇಯಿಸಬಹುದಿತ್ತು.

ನಾನು ನವಲಗುಂದದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ತಿರ್ಲಾಪುರದಿಂದ ಬಸ್ಸಿಗೆ ಹೋಗುತ್ತಿದ್ದಾಗ ಸಂಜೆ ಹುಡುಗಿಯರಿಗೆ ಖೊಖೊ ಕಲಿಸಲು ನಿಂತರೆ ಊರಿನ ಬಸ್ಸು ತಪ್ಪುತ್ತಿತ್ತು. ದಸರೆಯ ರಜೆಯಲ್ಲಿ ಹಟ ಹಿಡಿದು ಕಾರು ಕಲಿತೆ. ಶಾಲೆ ಮತ್ತೆ ಶುರುವಾದ ದಿನದಿಂದ ಮನೆಯ ಕಾರು ನಾನೇ ಹೊಡೆದುಕೊಂಡು ಹೋಗತೊಡಗಿದೆ. ನನ್ನ ಹುಡುಗಿಯರು ತಾಲ್ಲೂಕಿನಲ್ಲಿ ಗೆದ್ದು ಧಾರವಾಡಕ್ಕೆ, ಜಿಲ್ಲಾ ಮಟ್ಟದ ಆಟಕ್ಕೆ ಹೋಗುವವರಿದ್ದರು. ಚಾವಿ ಹೋದರೆ ಸಂಜೆಯ ಅಭ್ಯಾಸ ಹೋಯಿತು, ಅಭ್ಯಾಸ ಹೋದರೆ ಅಷ್ಟು ದಿನ ಓಡಿದ್ದೆಲ್ಲ ಮಣ್ಣಾಯಿತು. ಇದು ಮಾವನಿಗೂ ಗೊತ್ತಿತ್ತು.

ಅವರ ದೂರು ಒಂದೇ. ದಸರೆಗೆ ಮೊದಲು ನನ್ನ ಗಂಡ ಕಾಶಿನಾಥ ಹೊಡೆಯುವಾಗ ಲೀಟರಿಗೆ ಹದಿನೆಂಟು ಕಿಲೋಮೀಟರ್ ಕೊಡುತ್ತಿದ್ದ ಗಾಡಿ, ನನ್ನ ಕೈಗೆ ಬಂದದ್ದೇ ಹದಿನಾಲ್ಕಕ್ಕೆ ಇಳಿದಿತ್ತು. ಸುಳ್ಳೆಂದು ನಾನೂ ಹೇಳುವಂತಿರಲಿಲ್ಲ. ಗುಡಿಯ ಕಟ್ಟೆಯ ಮೇಲೆ ಕೂಡುವ ಹಿರಿಯರಿಗೆ ಇದು ಬಾಯಿಗೆ ಸಿಕ್ಕ ಕಬ್ಬಾಗಿತ್ತು. ಹೆಣ್ಣುಮಗಳ ಕೈಯಲ್ಲಿ ಗಾಡಿ ಪೆಟ್ರೋಲು ಕುಡಿಯುತ್ತದೆ ಎಂದು ಅವರು ಅಂದದ್ದನ್ನು ಮಾವ ಹಾಗೇ ಮನೆಗೆ ತಂದಿದ್ದರು.

ಹಾಗಿದ್ದರೆ ನಿಮ್ಮ ಮಗನೇ ಒಂದು ಸಲ ಹೊಡೆಯಲಿ, ನೀವೇ ಬಾಜೂಕ್ಕೆ ಕೂತು ನೋಡಿ ಎಂದೆ. ಕಾಶಿನಾಥ ನನ್ನ ಮುಖ ನೋಡಿದ, ಅಪ್ಪನ ಮುಖ ನೋಡಿದ, ಆಮೇಲೆ ಪಲ್ಯದ ಬಟ್ಟಲು ನೋಡಿದ. ಮನೆಯಲ್ಲಿ ಜಗಳ ಬಂದಾಗ ನನ್ನ ಗಂಡನಿಗೆ ಪಲ್ಯದ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟುತ್ತದೆ.

ಭಾನುವಾರ ನವಲಗುಂದದ ಬಂಕಿನಲ್ಲಿ ಟ್ಯಾಂಕು ತುಂಬಿಸಿ, ಅಣ್ಣಿಗೇರಿಗೆ ಹೋಗಿ ಬಂದು, ಅದೇ ಬಂಕಿನಲ್ಲಿ ಮತ್ತೆ ತುಂಬಿಸಿದೆವು. ಓಡಿದ ಕಿಲೋಮೀಟರನ್ನು ಹಿಡಿದ ಪೆಟ್ರೋಲಿನಿಂದ ಭಾಗಿಸಿದರೆ ಕಾಶಿನಾಥನ ಕೈಯಲ್ಲಿ ಹದಿನಾಲ್ಕೂ ಬರಲಿಲ್ಲ, ಹದಿಮೂರಕ್ಕೇ ನಿಂತಿತು. ನಾನು ಬಂಕಿನಲ್ಲೇ ಚಪ್ಪಾಳೆ ಹೊಡೆದೆ. ಪೆಟ್ರೋಲು ಹಾಕುವ ಹುಡುಗಿ ನನಗೇನೋ ಬಹುಮಾನ ಬಂದಿದೆ ಎಂದುಕೊಂಡು ನಕ್ಕಳು.

ಮಾವ ಮಾತ್ರ ಜಗ್ಗಲಿಲ್ಲ. ಹೊಸಬರು ಹೊಡೆದರೆ ಎತ್ತಿಗೆ ಕೆಟ್ಟ ಚಾಳಿ ಬೀಳುತ್ತದೆ, ಆಮೇಲೆ ಹಳೇ ಒಡೆಯನ ಮಾತನ್ನೂ ಅದು ಕೇಳುವುದಿಲ್ಲ, ಗಾಡಿಗೂ ಹಾಗೇ ಆಗಿದೆ ಎಂದರು. ಇದನ್ನು ಅವರು ಚೇಷ್ಟೆಗೆ ಹೇಳಲಿಲ್ಲ, ನಿಜವಾಗಿ ನಂಬಿ ಹೇಳಿದರು. ಜೀವಮಾನವಿಡೀ ಎತ್ತು ಸಾಕಿದ ಮನುಷ್ಯನ ಎದುರು ಎತ್ತಿನ ವಿಷಯದಲ್ಲಿ ವಾದ ಹೂಡುವುದು ಹೇಗೆ?

ಮನೆಗೆ ಬಂದವಳೇ ಸೆರಗು ಸಿಕ್ಕಿಸಿಕೊಂಡು ಗಾಡಿಗೆ ಸುತ್ತು ಹಾಕಿದೆ. ದಸರೆಗೆ ಮೊದಲು ಇಲ್ಲದ್ದು ಈಗ ಏನಿದೆ ಎಂದು ತಲೆಯಿಂದ ಕಾಲಿನವರೆಗೆ ನೋಡುತ್ತ ಹೋದೆ. ಮೇಲೆ ಕ್ಯಾರಿಯರ್ ಇತ್ತು, ಅದರ ಮೇಲೆ ಹತ್ತಿಗೆ ಔಷಧಿ ಹೊಡೆಯುವ ಪೈಪು, ಗಾಳಿಗೆ ಪಟಪಟ ಬಡಿಯುವ ತಾಡಪತ್ರಿ. ಚಕ್ರಗಳ ಒಳಗೆ ಬುಟ್ಟಿಗಟ್ಟಲೆ ಎರೆಮಣ್ಣು ಒಣಗಿ ಕಲ್ಲಾಗಿತ್ತು. ಟೈರು ಒತ್ತಿದರೆ ಮೆತ್ತಗಿದ್ದವು. ಹಿಂಗಾರಿ ಮಳೆಯಲ್ಲಿ ಹೊಲದ ದಾರಿಯಲ್ಲಿ ಗಾಡಿ ಹುಗಿದುಕೊಂಡಾಗ ಕಾಶಿನಾಥ ಗಾಳಿ ಇಳಿಸಿ ಹೊರಗೆ ತೆಗೆದಿದ್ದ. ಮತ್ತೆ ತುಂಬಿಸಲು ಮರೆತಿದ್ದ. ಅದನ್ನು ನೋಡದೆ ಇಷ್ಟು ದಿನ ಹೊಡೆದ ನನಗೂ ನಾನೇ ಬೈದುಕೊಂಡೆ.

ಅಷ್ಟರಲ್ಲಿ ಅತ್ತೆ ಮಹಾದೇವಕ್ಕ ಮೊರದಲ್ಲಿ ಕಡಲೆ ಹಿಡಿದುಕೊಂಡು ಹೊರಗೆ ಬಂದರು. ಏನು ಹುಡುಕುತ್ತೀ ಎಂದು ಕೇಳಿದರು. ಹೇಳಿದೆ. ಅವರು ಕಡಲೆ ಕೇರುತ್ತಲೇ ಅಂದರು:

"ಎಣ್ಣಿನೂ ಹೊಸಾದ ಐತೆಲ್ಲವಾ ಅದಕ್ಕ. ಖಂಡಿ ಪೂಜಿ ದಿನಾ ನಿಮ್ಮ ಮಾವ ಟ್ರ್ಯಾಕ್ಟರಿಗೆ ಹಾಕಿದ ಡಬ್ಬ್ಯಾಂದನ ಕಾರಿಗೂ ಹಾಕಿದ್ರು. ನಾನ ಬ್ಯಾಟ್ರಿ ಹಿಡಕೊಂಡು ನಿಂತಿದ್ನಿ."

ಮಹಾನವಮಿಗೆ ನಮ್ಮಲ್ಲಿ ಕುಡುಗೋಲಿನಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ದುಡಿಯುವುದೆಲ್ಲಕ್ಕೂ ಪೂಜೆ. ಅವತ್ತು ಟ್ರ್ಯಾಕ್ಟರಿನ ಹಳೇ ಎಣ್ಣೆ ಬಸಿದು ಹೊಸದು ಹಾಕುವುದು ಮಾವನ ಪದ್ಧತಿ. ಈ ಸಲ ಕಾರಿಗೂ ಅದೇ ಪ್ರಸಾದ ಸಿಕ್ಕಿತ್ತು. ಮಾವನನ್ನು ಕೇಳಿದರೆ ಅವರು ಎಳ್ಳಷ್ಟೂ ಅಳುಕಲಿಲ್ಲ.

"ಎರಡೂ ಮನೀಗೆ ದುಡೀತಾವು. ಅದಕ್ಕೊಂದು ಇದಕ್ಕೊಂದು ಅಂತ ಭೇದ ಮಾಡ್ಲಿ ಏನು? ದಪ್ಪ ಎಣ್ಣಿ ಇಂಜಿನ್ನಿಗೆ ಚಲೋ."

ಸಿಟ್ಟು ಮಾಡಬೇಕೆಂದರೂ ಆಗಲಿಲ್ಲ. ತಪ್ಪು ಮಾಡಿದ್ದರು, ಆದರೆ ಪ್ರೀತಿಯಿಂದ ಮಾಡಿದ್ದರು. ಟ್ರ್ಯಾಕ್ಟರಿನ ದೊಡ್ಡ ಇಂಜಿನ್ನಿಗೆ ದಪ್ಪ ಎಣ್ಣೆ ಬೇಕು, ಇಷ್ಟು ಸಣ್ಣ ಪೆಟ್ರೋಲ್ ಇಂಜಿನ್ನಿಗೆ ತೆಳ್ಳಗಿನದೇ ಬೇಕು, ದಪ್ಪನೆಯದನ್ನು ತಿರುವುವುದರಲ್ಲೇ ಅದರ ಶಕ್ತಿ ಹೋಗುತ್ತದೆ ಎಂದು ತಿಳಿಸಿ ಹೇಳಿದೆ. ಮಾವನಿಗಿಂತ ಮೊದಲು ಅತ್ತೆಗೆ ತಿಳಿಯಿತು. ಮಜ್ಜಿಗೆ ತಿರುವುವ ಕೈಗೆ ದಿನಾ ಗಟ್ಟಿ ಝುಣಕ ತಿರುವಲು ಕೊಟ್ಟಂತೆ ಅಂದರು. ಮಾವ ಟೋಪಿ ತೆಗೆದು ಸರಿಮಾಡಿಕೊಂಡರು. ಆಮೇಲೆ, ಎಲ್ಲ ಸರಿಮಾಡಿಸಿ ಮತ್ತೊಮ್ಮೆ ಹೋಗಿ ಬರೋಣ, ಅಲ್ಲಿಯವರೆಗೆ ಚಾವಿ ನಿನ್ನ ಹತ್ತಿರ ಇರಲಿ ಎಂದರು.

ಕನಕ ಜಯಂತಿಯ ರಜೆಯ ದಿನ ನವಲಗುಂದದ ಯಾಕೂಬಸಾಬರ ಗ್ಯಾರೇಜಿಗೆ ಹೋದೆವು. ಕ್ಯಾರಿಯರ್ ಮೊದಲೇ ಬಿಚ್ಚಿ ಮನೆಯಲ್ಲಿಟ್ಟಿದ್ದೆ, ಮಣ್ಣು ಕೆತ್ತಿ ತೆಗೆದಿದ್ದೆ. ಟೈರಿಗೆ ಗಾಳಿ ಹಿಡಿಸಿದೆ. ಯಾಕೂಬಸಾಬರು ಹೊಸ ಎಣ್ಣೆಯ ಡಬ್ಬಿ ಒಡೆದಾಗ ಮಾವ ಒಂದು ಹನಿ ಬೆರಳಿಗೆ ಹಚ್ಚಿ ತಿಕ್ಕಿ ನೋಡಿದರು. ಇದು ನೀರಿನಂತಿದೆಯಲ್ಲ, ಇಂಜಿನ್ ಸುಟ್ಟುಹೋಗುವುದಿಲ್ಲವೇ ಎಂದು ಕೇಳಿದರು. ಕಂಪನಿಯವರು ಇದನ್ನೇ ಹಾಕಲು ಹೇಳಿದ್ದಾರೆ ಎಂದು ಯಾಕೂಬಸಾಬರು ಅಂದರೂ ಮಾವನ ಹುಬ್ಬು ಕೆಳಗಿಳಿಯಲಿಲ್ಲ.

ಮೊದಲು ಕಾಶಿನಾಥ ಹೊಡೆದ. ಮತ್ತೆ ಅಣ್ಣಿಗೇರಿ, ಮತ್ತೆ ಅದೇ ಬಂಕು. ಹದಿನೆಂಟು ಬಂತು. ನಾನು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಮಾವ ತಣ್ಣಗೆ ಅಂದರು, ನೋಡು, ಅವನ ಕೈಯಲ್ಲಿ ಮೊದಲಿನಷ್ಟೇ ಕೊಟ್ಟಿತು.

ಗಾಡಿ ಸರಿಯಾದದ್ದು ಅವರಿಗೆ ಕಂಡಿತ್ತು, ಆದರೆ ನನ್ನ ಕೈಯ ಮೇಲಿನ ಅನುಮಾನ ಹಾಗೇ ಇತ್ತು. ನನಗೂ ಒಂದು ಕ್ಷಣ ಅನುಮಾನ ಬಂತು. ನಿಜವಾಗಿ ನನ್ನ ಕೈಯೇ ಕೆಟ್ಟದ್ದಿದ್ದರೆ? ಆ ಯೋಚನೆಗೇ ಕಿವಿ ಬಿಸಿಯಾದವು. ಕಾಶಿನಾಥನನ್ನು ಇಳಿಸಿ ಹಿಂದೆ ಕೂಡಿಸಿದೆ.

"ಬರ್ರಿ ಮಾವಾರ, ಕೂಡ್ರಿ. ಈಗ ನಾ ಹೊಡೀತೇನಿ."

ಅವತ್ತಿನಷ್ಟು ಖುಷಿಯಾಗಿ, ಅವತ್ತಿನಷ್ಟು ಹೆದರಿ ನಾನು ಯಾವತ್ತೂ ಗಾಡಿ ಹೊಡೆದಿಲ್ಲ. ಖೊಖೊದಲ್ಲಿ ಉಸಿರು ಉಳಿಸಿಕೊಂಡವಳೇ ಕೊನೆಯವರೆಗೆ ಔಟಾಗದೆ ಓಡುತ್ತಾಳೆ ಎಂದು ಹುಡುಗಿಯರಿಗೆ ದಿನಾ ಒದರುವವಳು ನಾನು. ಈಗ ನನಗೇ ಹೇಳಿಕೊಂಡೆ. ಬೇಗ ಬೇಗ ಮೇಲಿನ ಗೇರಿಗೆ ಹೋದೆ, ಒಂದೇ ವೇಗ ಹಿಡಿದೆ. ಎರಡೂ ಕಡೆ ಹತ್ತಿ ಬಿರಿದು ಹೊಲ ಬೆಳ್ಳಗಾಗಿದ್ದವು. ದೂರದಲ್ಲಿ ಕುರಿಯ ಹಿಂಡು ರಸ್ತೆ ದಾಟುವುದು ಕಂಡಿತು. ಅಲ್ಲಿಯವರೆಗೆ ಹಾರಿಸಿಕೊಂಡು ಹೋಗಿ ಬ್ರೇಕು ತುಳಿಯುವ ಬದಲು ಇಲ್ಲಿಂದಲೇ ಎಕ್ಸಿಲೇಟರಿನಿಂದ ಕಾಲು ತೆಗೆದೆ. ಗಾಡಿ ತಾನಾಗಿ ನಿಧಾನವಾಗುತ್ತ ಸಾಗಿತು. ನಾವು ಮುಟ್ಟುವಷ್ಟರಲ್ಲಿ ಕೊನೆಯ ಕುರಿ ದಾಟಿತ್ತು. ನಿಲ್ಲಬೇಕಾಗಲೇ ಇಲ್ಲ. ಮಾವ ರಸ್ತೆ ನೋಡುವುದನ್ನು ಬಿಟ್ಟು ಬಗ್ಗಿ ನನ್ನ ಕಾಲು ನೋಡುತ್ತಿದ್ದರು.

ವಾಪಸು ಬರುವಾಗ ಸೆಖೆ ಏರಿತ್ತು. ಕಾಶಿನಾಥ ಎ.ಸಿ. ಹಚ್ಚು ಎಂದ. ನೀನು ಹೊಡೆಯುವಾಗ ಇರಲಿಲ್ಲ, ಈಗಲೂ ಇಲ್ಲ ಎಂದೆ. ಹತ್ತಿ ತುಂಬಿದ ಟ್ರ್ಯಾಕ್ಟರೊಂದು ಮುಂದೆ ಸಿಕ್ಕಿತು. ದಾಟಿ ಹಾರಬೇಕೆಂದು ಕೈ ತುರಿಸಿತು. ತಡೆದುಕೊಂಡೆ. ರಸ್ತೆ ಖಾಲಿಯಾದಾಗ ಮೆಲ್ಲಗೆ ದಾಟಿದೆ.

ಬಂಕಿನಲ್ಲಿ ಪೈಪು ತಾನಾಗಿ ಕಟ್ ಎಂದು ನಿಲ್ಲುವವರೆಗೆ ನಾನು ಉಸಿರು ಬಿಡಲಿಲ್ಲ. ಲೆಕ್ಕವನ್ನು ಕಾಶಿನಾಥನೇ ಮೊಬೈಲಿನಲ್ಲಿ ಮಾಡಿದ. ಒಮ್ಮೆ ಮಾಡಿದ, ಅಳಿಸಿದ, ಮತ್ತೆ ಮಾಡಿದ. ಆಮೇಲೆ ಮೊಬೈಲು ಅಪ್ಪನ ಕೈಗೆ ಕೊಟ್ಟ. ಇಪ್ಪತ್ತೊಂದು.

ನಾನು ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ. ಪಕ್ಕದಲ್ಲಿ ನಿಂತಿದ್ದ ಬೈಕಿನವನು ಬೆಚ್ಚಿಬಿದ್ದ. ಮಾವ ಮೊಬೈಲನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ಮಗನ ಕಡೆ ತಿರುಗಿದರು.

"ಲೇ ಕಾಶಿ, ನಿನ್ನ ಎಡಗಾಲು ಹೋಗೂ ಮುಂದನೂ ಬರೂ ಮುಂದನೂ ಕ್ಲಚ್ ಮ್ಯಾಲ ಇತ್ತು. ಆಕೀದು ಒಮ್ಮೆನೂ ಸುಮ್ನ ಅದರ ಮ್ಯಾಲ ಕೂಡಲಿಲ್ಲ."

ಅಷ್ಟೇ. ನನಗೆ ಒಂದು ಮಾತಿಲ್ಲ. ಚಾವಿ ನಿನ್ನದೇ ಎಂದೂ ಹೇಳಲಿಲ್ಲ. ಊರಿಗೆ ವಾಪಸು ಹೊಡೆಯುವಾಗ ನನ್ನ ಖುಷಿಯ ಒಳಗೇ ಸಿಟ್ಟು ಕುದಿಯುತ್ತಿತ್ತು. ಗೆದ್ದದ್ದು ಗೊತ್ತಿದ್ದೂ ಬಾಯಿ ಬಿಡದಿದ್ದರೆ ಹೇಗೆ? ಮನೆಗೆ ಹೋದ ಮೇಲೆ ಏನೇನು ಕೇಳಬೇಕು ಎಂದು ಮನಸ್ಸಿನಲ್ಲೇ ಸಾಲು ಹಚ್ಚುತ್ತಿದ್ದೆ.

ಗುಡಿಯ ಹತ್ತಿರ ಮಾವ ಗಾಡಿ ನಿಲ್ಲಿಸು ಎಂದರು. ಕಟ್ಟೆಯ ಮೇಲೆ ಹಿರಿಯರೆಲ್ಲ ಇದ್ದರು, ನಾವು ಯಾತಕ್ಕೆ ಹೋಗಿದ್ದೆವು ಎಂದು ಅವರಿಗೂ ಗೊತ್ತಿತ್ತು. ಯಾವಾಗಲೂ ಎಲ್ಲರಿಗಿಂತ ದೊಡ್ಡ ದನಿ ಮಾಡುವ ಬಸವಣ್ಣೆಪ್ಪ, ಯಾರ ಕೈ ಕೆಟ್ಟಿತ್ತೋ ಈರಪ್ಪ ಎಂದು ಕೇಳಿ ನಕ್ಕರು. ಮಾವ ಬಾಗಿಲು ತೆಗೆದು ಇಳಿದರು. ಧೋತರ ಸರಿಮಾಡಿಕೊಂಡರು. ನಾನು ಸ್ಟೇರಿಂಗ್ ಬಿಗಿಯಾಗಿ ಹಿಡಿದೆ.

"ನಂದು. ಟ್ರ್ಯಾಕ್ಟರಿನ ಎಣ್ಣಿ ಕಾರಿಗೆ ಹಾಕಿದಾವ ನಾ. ಹಾಕಿ ಆಕೀ ಹೆಸರ ಹೇಳ್ಕೋತ ಅಡ್ಡಾಡಿದೆ. ನಮ್ಮ ಮನ್ಯಾಗ ಎಲ್ಲಾರಕಿಂತ ಚಲೋ ಹೊಡೆಯಾಕಿ ಆಕೀನ ಅದಾಳ. ಚಾವಿ ಇನ್ನ ಆಕೀ ಕಡೇನ ಇರ್ತದ, ಯಾರೂ ಮತ್ತ ಕೇಳಬ್ಯಾಡ್ರಿ."

ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡ ಮಾತುಗಳಿಗೆ ಕೆಲಸವೇ ಇಲ್ಲದಾಯಿತು. ಕಣ್ಣು ಮಂಜಾಗಿ ಮುಂದಿನ ರಸ್ತೆ ಕಾಣದೆ ಹೋಯಿತು. ಮಾವ ತಿರುಗಿ ಬಂದು ಮತ್ತೆ ನನ್ನ ಬಾಜೂಕ್ಕೆ ಕೂತರು, ಬೆಲ್ಟು ಹಾಕಿಕೊಂಡರು. ಹುಡುಗಿಯರ ಆಟ ಯಾವತ್ತು, ಧಾರವಾಡಕ್ಕೆ ತಾವೂ ಬಂದು ನೋಡಬಹುದೋ ಎಂದು ಕೇಳಿದರು.