ಬೀಗರ ತುತ್ತು

ಎರಡನೇ ಸಲವೂ ಅದೇ ಅಂಕಿ ಬಂತು. ಆರುನೂರ ಹನ್ನೆರಡು.

ರೌಶನ್ ಯಂತ್ರದಿಂದ ಕಾಗದ ಹರಿದು ಕೋಟಿನ ಜೇಬಿಗೆ ತುರುಕಿದಳು. ಇಪ್ಪತ್ತೆರಡು ವರ್ಷಗಳಿಂದ ತಾಲ್ದಿಕೋರ್ಗಾನ್ ಊರಿನ ಗಂಡಸರ ರಕ್ತ ಪರೀಕ್ಷಿಸುತ್ತ ಬಂದವಳು. ಯೂರಿಕ್ ಆಮ್ಲ ನಾನೂರಿಪ್ಪತ್ತು ದಾಟಬಾರದು. ಈ ರಕ್ತ ಅವಳ ಗಂಡನದು. ಹೋದ ತಿಂಗಳ ಸ್ಕ್ಯಾನಿಂಗಿನಲ್ಲಿ ಅವನ ಕುತ್ತಿಗೆಯ ರಕ್ತನಾಳ ಅರ್ಧ ಕಟ್ಟಿಕೊಂಡಿರುವುದೂ ಕಂಡಿತ್ತು.

ಮಧ್ಯಾಹ್ನ ಮಗನಿಗೆ ಗೊತ್ತು ಮಾಡಿದ್ದ ಹುಡುಗಿಯ ಮನೆಗೆ ಹೊರಟಾಗ ಕಾರಿನಲ್ಲಿ ಗಂಡನಿಗೆ ಹೇಳಿದಳು.

"ಕಾಲು ಊದಿಲ್ವಲ್ಲ," ಎಂದ ತೋಲೆಗೆನ್, ಕನ್ನಡಿಯಲ್ಲಿ ಟೈ ನೋಡಿಕೊಳ್ಳುತ್ತ. "ಊದಿದಾಗ ನೋಡ್ಕೊಂಡ್ರಾಯ್ತು."

"ಕಾಲಿನ ಮಾತಲ್ಲ ಇದು. ಆಮ್ಲ ಇಷ್ಟಿದ್ದು, ನಾಳವೂ ಕಟ್ಟಿದ್ರೆ ಹೃದಯಕ್ಕೆ, ಮೆದುಳಿಗೆ ಅಪಾಯ. ಇವತ್ತು ಬಾಲದ ಕೊಬ್ಬು, ಲಿವರ್ ಮುಟ್ಬೇಡಿ."

"ಮಗನ ನಿಶ್ಚಿತಾರ್ಥದ ದಿನಾನಾದ್ರೂ ಆ ಲ್ಯಾಬ್ ಬಿಟ್ಟು ಬಾರೇ."

ಊರಿನವರೆಲ್ಲ ವರದಿ ಹಿಡಿದು, "ಬದುಕ್ತೀನಾ ಡಾಕ್ಟರಮ್ಮ?" ಎಂದು ಅವಳನ್ನೇ ಕೇಳುತ್ತಾರೆ. ಮನೆಯಲ್ಲಿ ಮಾತ್ರ ಅವಳು ಕೊರೆಯುವ ಹೆಂಡತಿ.

ಹುಡುಗಿಯ ತಾಯಿ ಕುಲ್ಯಾಷ್ ತಟ್ಟೆ ಹಿಡಿದು ಬಂದಳು. ಕುರಿಯ ಬಾಲದ ಕೊಬ್ಬು, ಲಿವರ್, ಮೇಲೆ ಹುಳಿ ಮೊಸರು. ಬೀಗರ ಬಾಯಿಗೆ ಕೈಯಾರೆ ಇಟ್ಟರೆ ಸಂಬಂಧ ಕೂಡಿದ ಹಾಗೆ. ಆಮೇಲೆ ಯಾರೂ ಮುರಿಯುವಂತಿಲ್ಲ.

"ಬಾಯಿ ತೆಗೀರಿ ಬೀಗರೇ! ಇಷ್ಟು ಸಣ್ಣ ಬಾಯಿ ಇಟ್ಕೊಂಡು ಹೊಟ್ಟೆ ಹೇಗ್ರೀ ಬೆಳೆಸಿದ್ರಿ?"

ಹೆಂಗಸರು ನಕ್ಕರು. ರೌಶನ್ ಅವಳ ಮೊಣಕೈ ಹಿಡಿದಳು. "ಅವರಿಗೆ ಬೇಡ ಬೀಗಿತ್ತಿ. ತುಟಿಗೆ ಮುಟ್ಟಿಸಿದ್ರೆ ಸಾಕು."

ಕುಲ್ಯಾಷಳ ನಗು ಅಲ್ಲೇ ನಿಂತಿತು. "ಬೇಡ ಅಂದ್ರೆ? ನಮ್ಮ ಹುಡುಗೀಲಿ ಏನು ಕೊರತೆ ಕಂಡ್ರಿ?"

"ಹುಡುಗಿ ಚಿನ್ನದಂಥವಳು. ಇವರ ಆರೋಗ್ಯ..."

"ಎಪ್ಪತ್ತೆಂಟಾಯ್ತು, ನಾನೇ ತಿಂತೀನಿ," ಎಂದ ಹುಡುಗಿಯ ಅಜ್ಜ. "ನಿನ್ನ ಗಂಡ ಏನು ಬಾಣಂತಿಯೇನಮ್ಮ?"

ಈ ಸಲ ಹೆಂಗಸರು ನಗಲಿಲ್ಲ. ಅಡುಗೆಮನೆಯ ಪರದೆ ಹಿಡಿದಿದ್ದ ಹುಡುಗಿಯ ಬೆರಳುಗಳು ಬಿಗಿದವು. ಪಕ್ಕದಲ್ಲಿ ಕೂತಿದ್ದ ಮಗ ಅಲ್ಮಾಸ್, "ಅಮ್ಮಾ," ಎಂದ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಹೀಗೇ ಕರೆಯುತ್ತಿದ್ದ.

ರೌಶನ್ ಗಂಡನ ಕಡೆ ನೋಡಿದಳು. ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ನಗುತ್ತಿದ್ದ, ನಾಲ್ಕು ಜನರೆದುರು ಹೆಂಡತಿ ಎಡವಿದಾಗ ಗಂಡಸರು ನಗುವ ಹಾಗೆ.

"ಹಾಗಾದ್ರೆ ನೀವೇ ತಿನ್ನಿಸಿ," ಎಂದು ಕುಲ್ಯಾಷ್ ತಟ್ಟೆಯನ್ನು ಅವಳ ಕೈಗಿಟ್ಟಳು.

ರೌಶನ್ ಹಿಡಿ ತುಂಬ ತೆಗೆದುಕೊಂಡಳು. ಮಗುವಿಗೆ ತುತ್ತಿಟ್ಟು ಪಳಗಿದ ಕೈ, ತಾನಾಗಿ ದಾರಿ ಹಿಡಿಯಿತು. ತಿನ್ನಿ, ಎಂದುಕೊಂಡಳು. ತೋಲೆಗೆನ್ ಬಾಯಿ ತೆರೆದ. ಕೇಕೆ ಎದ್ದಿತು. ಅಜ್ಜ ಎರಡೂ ಕೈಯೆತ್ತಿ ಹರಸಿದ.

"ಇನ್ನೊಂದು!" ಎಂದರು ಯಾರೋ.

ಇನ್ನೊಂದು ಕೊಟ್ಟಳು.

ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದಳು. ಬಿಸಿನೀರು ಬರಲಿಲ್ಲ. ತಣ್ಣೀರು ಬಿದ್ದದ್ದೇ ಬೆರಳ ಮೇಲಿನ ಕೊಬ್ಬು ಮೇಣದಂತೆ ಗಟ್ಟಿಯಾಯಿತು. ಉಜ್ಜಿದಷ್ಟೂ ಬೆಳ್ಳಗೆ ಉದುರಿ ಬೇಸಿನ್ನಿನ ತೂತಿನ ಸುತ್ತ ಕೂಡಿತು.

"ರೌಶನ್! ನೀನಿಲ್ದೆ ಹಾಡು ಶುರು ಮಾಡಲ್ವಂತೆ, ಬಾ!" ಗಂಡ ಹೊರಗಿನಿಂದ ಕೂಗಿದ.

ನೀರು ಇಳಿಯುವುದು ನಿಧಾನವಾಯಿತು. ನಿಂತಿತು. ಆಮೇಲೆ ಮೆಲ್ಲಗೆ ಏರತೊಡಗಿತು. ಅವಳು ನಲ್ಲಿ ನಿಲ್ಲಿಸಲಿಲ್ಲ.