ಹತ್ತೊಂಬತ್ತನೆಯ ಪುಟದ ಷರತ್ತು

ಅಣ್ಣ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸಿದವನು. ತಂಗಿ ಅವನ ಹತ್ತಿರವೇ ಕಲಿತು ಕಾಲೇಜಿನಲ್ಲಿ ಪಾಠ ಹೇಳುವವಳು. ಈಗ ಅಣ್ಣ ಹಾಸಿಗೆ ಹಿಡಿದಿದ್ದ, ವೈದ್ಯರು ಕೈಚೆಲ್ಲಿದ್ದರು. ಹನ್ನೊಂದು ವರ್ಷ ಜೀವ ತೇಯ್ದು ಬರೆದ ಪ್ರಬಂಧವನ್ನು ತಂಗಿ ಶುದ್ಧಪ್ರತಿ ಮಾಡಿ ಗಣಿತದ ಪತ್ರಿಕೆಗೆ ಕಳಿಸಬೇಕು, ಅದೊಂದೇ ಅವನಿಗೆ ಉಳಿದಿದ್ದ ಆಸೆ.

ಟೊಪಾಲಜಿಕಲ್ ಗ್ರೂಪ್ ಎಂದರೆ, ಬಿಂದುಗಳು ಒಂದರೊಡನೊಂದು ಕೂಡುತ್ತ, ಒಂದರ ಪಕ್ಕ ಒಂದು ಒತ್ತಿಕೊಂಡು ಬಾಳುವ ಊರು ಅಂದುಕೊಳ್ಳಿ. ಊರಿನ ಒಬ್ಬೊಬ್ಬರಿಗೂ ಒಂದೊಂದು ಬೆಲೆ ಕಟ್ಟುವ ನಿಯಮವೇ ಫಲನ. ಅದು ಎಲ್ಲೂ ಧಡಕ್ಕನೆ ಜಿಗಿಯಬಾರದು. ಒಂದು ಸಮೀಕರಣಕ್ಕೆ ಒಪ್ಪುವ ಫಲನಗಳ ಗುಣಗಳನ್ನೆಲ್ಲ ಅಣ್ಣ ನಲವತ್ತೆರಡು ಪುಟಗಳಲ್ಲಿ ಸಾಧಿಸಿದ್ದ. ಹತ್ತೊಂಬತ್ತನೆಯ ಪುಟದಲ್ಲಿ ಒಂದು ತೊಡಕು ಬಿಡಿಸಲು, ಗ್ರೂಪ್ ಕಾಂಪ್ಯಾಕ್ಟ್ ಆಗಿರಲಿ ಎಂಬ ಷರತ್ತು ಸೇರಿಸಿದ್ದ. ಅಂದರೆ ಊರಿಗೆ ಬೇಲಿ ಬಿತ್ತು. ಯಾವ ಬೆಲೆಯೂ ಒಂದು ಮಿತಿ ದಾಟುವಂತಿಲ್ಲ.

ಸೋಮವಾರ ಆ ಪುಟ ನಕಲು ಮಾಡುತ್ತ ತಂಗಿ ಸುಮ್ಮನೆ ಸಮೀಕರಣದ ಎಲ್ಲ ಜಾಗದಲ್ಲೂ ಒಂದೇ ಬಿಂದುವನ್ನಿಟ್ಟು ನೋಡಿದಳು. ತನ್ನೊಡನೆ ತಾನೇ ಕೂಡಿದ ಬಿಂದುವಿನ ಬೆಲೆ ನಾಲ್ಕು ಪಟ್ಟಾಯಿತು. ಬಂದದ್ದನ್ನು ಮತ್ತೆ ಹಾಗೆಯೇ ಕೂಡಿಸಿದರೆ ಹದಿನಾರು ಪಟ್ಟು. ಹೀಗೆ ಬೆಳೆಯುವುದು ಬೇಲಿಯೊಳಗೆ ನಿಲ್ಲಬೇಕಾದರೆ ಅದು ಮೊದಲೇ ಸೊನ್ನೆಯಾಗಿರಬೇಕು. ಅಣ್ಣನ ಒಂದು ಸಾಲೂ ತಪ್ಪಿರಲಿಲ್ಲ. ಆದರೆ ಹನ್ನೊಂದು ವರ್ಷ ಅವನು ವರ್ಣಿಸಿದ್ದು ಬರೀ ಸೊನ್ನೆಯನ್ನು.

ಮೂರು ದಿನ ಅವಳಿಗೆ ಊಟ ಸೇರಲಿಲ್ಲ. ಗುರುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಅತ್ತಿಗೆಯ ಮುಂದೆ ಬಾಯಿಬಿಟ್ಟಳು.

“ಆ ಷರತ್ತು ತೆಗೆದುಬಿಡು, ಆಯ್ತಲ್ಲ,” ಎಂದಳು ಅತ್ತಿಗೆ.

“ತೆಗೆದ್ರೆ ಮುಂದಿನದೆಲ್ಲ ಕುಸಿಯುತ್ತೆ ಅತ್ತಿಗೆ.”

“ಹಾಗಾದ್ರೆ ಬಾಯಿ ಮುಚ್ಕೊಂಡು ಕಳಿಸು. ನಿಮ್ಮಣ್ಣ ನನ್ನ ಮುಖಾನೂ ಅಷ್ಟು ನೋಡಿಲ್ಲ ಕಣೇ. ಆ ಕಾಗದಾನ ಸವತಿ ಅಂತ ಬೈದಿದ್ದೀನಿ. ಈಗ ಅವಳೂ ಇಲ್ಲ ಅಂತ ಹೇಗೆ ಹೇಳ್ತೀಯೆ?” ಅತ್ತಿಗೆ ನಗಲು ಹೋಗಿ ಮುಖ ಒರೆಸಿಕೊಂಡಳು.

ಮಧ್ಯಾಹ್ನ ಅಣ್ಣನೇ ಕರೆದ. “ಏನೇ ಆಮೆ, ಎಲ್ಲಿಗೆ ಬಂತು ಸವಾರಿ?”

ಮುಗೀತು ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಸಾಧಿಸದೆ ಏನನ್ನೂ ಹೇಳಬಾರದೆಂದು ಕಲಿಸಿದವನೇ ಎದುರಿಗಿದ್ದ. ಅವಳು ಮೂರು ಸಾಲು ಬರೆದು ಅವನ ಕೈಗಿಟ್ಟಳು.

ಅವನು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದ. “ದೇವರೇ,” ಎಂದ, ಬಾಗಿಲಿಗೆ ಬಂದವರನ್ನು ಗುರುತಿಸಿದವನ ಹಾಗೆ.

“ಸರಿಯಾಗಿದೆ. ಯಾವಾಗ ಗೊತ್ತಾಯ್ತು?”

“ಸೋಮವಾರ.”

“ಮೂರು ದಿನ ಎದೇಲಿಟ್ಕೊಂಡು ಓಡಾಡಿದ್ಯಾ?”

ಅವನು ಕಾಗದ ಮಡಿಸಿ ಅವಳ ಕೈಗೇ ಹಿಂತಿರುಗಿಸಿದ.

“ಕಳಿಸ್ಬೇಡ. ನಿನ್ನ ಮಕ್ಕಳಿಗೆ ಪಾಠದಲ್ಲಿ ಹೇಳು, ಬೇಲಿ ಹಾಕೋ ಮುಂಚೆ ಒಳಗೆ ಯಾರಾದ್ರೂ ಉಳೀತಾರಾ ನೋಡ್ಕೊಳ್ಳಿ ಅಂತ. ನನ್ನ ಹೆಸರು ಹಿಡಿದೇ ಹೇಳು.”

ಆಮೇಲೆ ಅವನು ಗೋಡೆಯ ಕಡೆ ತಿರುಗಿದ. ಅತ್ತಿಗೆ ಒಳಗೆ ಬಂದು ಹಾಸಿಗೆಯ ಅಂಚಿನಲ್ಲಿ ಕುಳಿತು ಅವನ ಬೆನ್ನು ನೀವತೊಡಗಿದಳು. ಅವಳ ಕೈಯಡಿ ಆ ಬೆನ್ನು ಬಹಳ ಹೊತ್ತು ನಡುಗುತ್ತಲೇ ಇತ್ತು.