ಹೂಂಗುಟ್ಟುವ ಟಾಕಿ

ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ, ಬಂಡೆಗಲ್ಲಿನ ಗುಡ್ಡಕ್ಕೆ ಬೆನ್ನು ಕೊಟ್ಟು ನಿಂತ ಒಂದು ಹಳೆಯ ಹತ್ತಿ ಜಿನ್ನಿಂಗ್ ಶೆಡ್ಡಿದೆ. ಅದರೊಳಗೆ ಈಗ ಹತ್ತಿಯಿಲ್ಲ. ಯಾದಗಿರಿಯ ಪ್ರವೀಣಕುಮಾರ ಅಲ್ಲಿ ಬಿಳಿಜೋಳದಿಂದ ಬಿಯರು ಮಾಡುತ್ತಾನೆ. ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಚೆಂದದ ಹೆಸರಿದ್ದರೂ ಸುತ್ತಲಿನವರ ಬಾಯಲ್ಲಿ ಅದು ಬಿಯರಿನ ಗಿರಣಿ. ಗಿರಣಿ ಅಂದಮೇಲೆ ಬೀಸಿಕೊಡಲೇಬೇಕಲ್ಲ ಎಂದು ಒಬ್ಬ ಮುದುಕಿ ಜೋಳದ ಬುಟ್ಟಿ ಹೊತ್ತು ಬಂದು, ಬಾಗಿಲಲ್ಲಿ ಕೂತು ಜಗಳ ತೆಗೆದದ್ದೂ ಉಂಟು.

ಶೆಡ್ಡಿನ ಅರ್ಧ ಭಾಗ ಟಾಕಿಗಳಿಗೆ, ಅಂದರೆ ಬಿಯರು ತಯಾರಾಗುವ ದೊಡ್ಡ ಟ್ಯಾಂಕುಗಳಿಗೆ, ಇನ್ನರ್ಧ ಮೀಟಿಂಗಿಗೆ, ನಡುವೆ ಎದೆಮಟ್ಟದ ಒಂದು ಗೋಡೆ. ಕಂಪನಿಯವರು ಪೇಟೆಯ ಹೋಟೆಲುಗಳಲ್ಲಿ ಮೀಟಿಂಗ್ ಮಾಡಿ ಬೇಸತ್ತಿದ್ದಾರೆ, ಗುಡ್ಡದ ಬುಡದಲ್ಲಿ ಎರಡು ದಿನ ಕೂತು ಮಾತಾಡಿ, ಸಂಜೆಗೆ ಅಲ್ಲೇ ತಯಾರಾದ ಬಿಯರಿನ ರುಚಿ ನೋಡಿ ಹೋಗಲಿ ಎಂಬುದು ಪ್ರವೀಣಕುಮಾರನ ಲೆಕ್ಕ. ಹೈದರಾಬಾದಿನ ಬೀಜದ ಕಂಪನಿಯವರು ಬಂದರು, ಸೋಲಾರದವರು ಬಂದರು. ಅವರಿಗೆಲ್ಲ ಕುರ್ಚಿ ಹಾಕುವುದು, ಪರದೆ ಇಳಿಸುವುದು, ಕೊನೆಗೆ ಟಾಕಿಗಳ ನಡುವೆ ತಿರುಗಾಡಿಸಿ ಜೋಳ ಬಿಯರಾಗುವ ಬಗೆಯನ್ನು ಹೇಳುವುದು ಪರಿಮಳಾಳ ಕೆಲಸ.

ಬಳಿಚಕ್ರ ಎಂಬ ಊರಿನ ಈ ಹುಡುಗಿ ಅದನ್ನು ಕಥೆಯಾಗಿಯೇ ಹೇಳುತ್ತಿದ್ದಳು. ನೀರಲ್ಲಿ ನೆನೆದ ಜೋಳ ನಿದ್ದೆಯಿಂದೆದ್ದು ಮೊಳಕೆಯ ಬಾಲ ಬಿಡುತ್ತದೆ. ಇನ್ನೇನು ಗಿಡವಾದೆ ಅಂದುಕೊಳ್ಳುವಷ್ಟರಲ್ಲಿ ಬಿಸಿಗಾಳಿ ಬಂದು ಒಣಗಿಸುತ್ತದೆ. ಕುದಿದು ಸಿಹಿಯಾಗಿ ಟಾಕಿ ಸೇರಿದ ಮೇಲೆ, ಕಣ್ಣಿಗೆ ಕಾಣದ ಯೀಸ್ಟ್ ಎಂಬ ಜೀವ ಆ ಸಿಹಿಯನ್ನು ಉಂಡು ಉಸಿರು ಬಿಡುತ್ತದೆ. ಆ ಉಸಿರು ಹೊರಗೆ ಹೋಗಲೆಂದೇ ಪ್ರತಿ ಟಾಕಿಯಿಂದ ಒಂದು ರಬ್ಬರಿನ ಪೈಪು ಇಳಿದು ನೀರು ತುಂಬಿದ ಬಕೀಟಿನಲ್ಲಿ ಮುಳುಗಿರುತ್ತದೆ. ಮೊದಲೆರಡು ದಿನ ಗುಳ್ಳೆಗಳು ಕೊತಕೊತ ಏಳುತ್ತವೆ. ಆಮೇಲೆ ನಿಧಾನವಾಗುತ್ತ ಆಗುತ್ತ ಐದು ನಿಮಿಷಕ್ಕೊಮ್ಮೆ, ಹತ್ತು ನಿಮಿಷಕ್ಕೊಮ್ಮೆ, ನೆನಪಾದಾಗ ಒಂದು: ಬುಳುಕ್.

ಊರ ಕಡೆಯ ವ್ಯಾಪಾರಸ್ಥರು ಯಾರೂ ಇತ್ತ ಕಾಲಿಟ್ಟಿರಲಿಲ್ಲ. ಹಾಗಾಗಿ ಆ ಮಂಗಳವಾರ ಯಾದಗಿರಿಯ ತೊಗರಿಬೇಳೆ ಮಿಲ್ಲಿನ ಬಸವಣ್ಣ ಫೋನು ಮಾಡಿ, ಅಲ್ಲಿಗೆ ಮರ್ಯಾದಸ್ಥರು ಯಾರೂ ಬರುವುದಿಲ್ಲವಲ್ಲ ಎಂದು ಕೇಳಿದಾಗ ಪರಿಮಳಾ ತಬ್ಬಿಬ್ಬಾದಳು. ಬರುವುದಿಲ್ಲ ಎಂದರೆ ಕೆಲಸಕ್ಕೆ ಅವಮಾನ, ಬರುತ್ತಾರೆ ಎಂದರೆ ಸುಳ್ಳು. ಬರುವುದಿಲ್ಲ ಎಂದೇ ಹೇಳಿದಳು. ಹಾಗಾದರೆ ಗುರುವಾರ ನಾವಿಬ್ಬರು ಬರುತ್ತೇವೆ ಎಂದ ಬಸವಣ್ಣ.

ಬಂದದ್ದು ಅವನು ಮತ್ತು ಅವನು ವೈನಿ ಎಂದು ಕರೆಯುವ ಅತ್ತಿಗೆ ದೇವಕಮ್ಮ. ಕಾರನ್ನು ಶೆಡ್ಡಿನ ಹಿಂದೆ ನಿಲ್ಲಿಸಿ, ಬಸವಣ್ಣ ಟವೆಲಿನಿಂದ ಅರ್ಧ ಮುಖ ಮುಚ್ಚಿಕೊಂಡು ಒಳಬಂದ. ದೇವಕಮ್ಮ ಸೆರಗನ್ನೂ ಸರಿಮಾಡಿಕೊಳ್ಳದೆ, ಟಾಕಿಗಳನ್ನು ಒಂದೊಂದಾಗಿ ನೋಡುತ್ತ, ಮಿಷನ್ನು ಬಲ್ಲವರ ನಡಿಗೆಯಲ್ಲಿ ಬಂದಳು. ಮನೆಯಲ್ಲಿ ಮಾತಿಗೆ ಕೂತರೆ ಹನ್ನೆರಡು ಮಂದಿ ನೆಂಟರು ತಲೆ ಹಾಕುತ್ತಾರೆ, ಮಿಲ್ಲಿನಲ್ಲಿ ಕೂತರೆ ಹಮಾಲರಿಗೂ ಕೇಳುತ್ತದೆ. ಇಲ್ಲಿಗಾದರೆ ಯಾವ ನೆಂಟನೂ ಬೆನ್ನು ಹತ್ತಿ ಬರುವಂತಿಲ್ಲ, ಬಂದರೆ ನೀನೇಕೆ ಅಲ್ಲಿಗೆ ಹೋಗಿದ್ದೆ ಎಂದು ಅವನನ್ನೇ ಕೇಳುತ್ತಾರೆ. ಈ ಉಪಾಯ ದೇವಕಮ್ಮನದು. ಇಬ್ಬರೂ ಬಿಯರು ಮುಟ್ಟುವವರಲ್ಲ. ಪರಿಮಳಾ ನೀರು ತಂದಿಟ್ಟರೆ, ಈ ಗಿಲಾಸಿನಲ್ಲಿ ಮೊದಲು ಏನಿತ್ತೋ ಎಂದು ಬಸವಣ್ಣ ತನ್ನ ಬಾಟಲಿಯ ನೀರನ್ನೇ ಕುಡಿದ.

ಮಾತು ಶುರುವಾದ ಹತ್ತು ನಿಮಿಷದಲ್ಲಿ, ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಪರಿಮಳಾಗೆ ಸಂಗತಿ ತಿಳಿಯಿತು. ದೇವಕಮ್ಮನ ಗಂಡ, ಅಂದರೆ ಬಸವಣ್ಣನ ಅಣ್ಣ, ಮೂರು ವರ್ಷ ಹಾಸಿಗೆ ಹಿಡಿದು ಹೋದ ಶ್ರಾವಣದಲ್ಲಿ ತೀರಿಕೊಂಡಿದ್ದ. ಈಗ ಆ ಜಾಗದಲ್ಲಿ ಕೂತು ಮಿಲ್ಲನ್ನು ತಾನೇ ನಡೆಸುತ್ತೇನೆ ಎನ್ನುತ್ತಾಳೆ ದೇವಕಮ್ಮ. ಮನೆಯಲ್ಲಿರಿ, ನಿಮ್ಮ ಪಾಲು ಮನೆಗೇ ಬರುತ್ತದೆ, ಮಿಲ್ಲನ್ನು ನನ್ನ ಮಗ ಸುನೀಲಕುಮಾರ ನೋಡಿಕೊಳ್ಳಲಿ ಎನ್ನುತ್ತಾನೆ ಬಸವಣ್ಣ. ಎಂಟು ದಿನದಲ್ಲಿ ಹೊಸ ತೊಗರಿ ಬರಲು ಶುರುವಾಗುತ್ತದೆ. ಅಷ್ಟರೊಳಗೆ ತೀರ್ಮಾನವಾಗಬೇಕು. ಇವತ್ತು ಆಗದಿದ್ದರೆ ಸುನೀಲಕುಮಾರ ಹೋಗಿ ಕೂತುಬಿಡುತ್ತಾನೆ, ಒಮ್ಮೆ ಕೂತವನನ್ನು ಎಬ್ಬಿಸುವುದು ದೇವಕಮ್ಮನಿಂದ ಆಗದ ಮಾತು.

ಮಿಲ್ಲೆಂದರೆ ಲಾರಿಯವರ ಜೊತೆ ಕೂಗಾಡಬೇಕು, ಹಮಾಲರ ನಡುವೆ ನಿಲ್ಲಬೇಕು, ಅದು ಗಂಡಸಿನ ಕೆಲಸ ಎಂದು ಬಸವಣ್ಣ ಹೇಳುತ್ತಿದ್ದಾಗ, ಎದೆಮಟ್ಟದ ಗೋಡೆಯ ಆಚೆ ಆ ದಿನ ತುಂಬಿದ್ದ ಒಂದೇ ಟಾಕಿಯ ಬಕೀಟಿನಲ್ಲಿ ಗುಳ್ಳೆ ಒಡೆಯಿತು. ಬುಳುಕ್.

ಬಸವಣ್ಣ ಮಾತು ನಿಲ್ಲಿಸಿದ. ಮಾತಿನ ನಡುವೆ ಹಲ್ಲಿ ನುಡಿದರೆ ಮಾಡುವಂತೆ ಟೇಬಲ್ಲಿನ ಮೇಲೆ ಮೂರು ಸಲ ಬೆರಳು ಬಡಿದ.

"ನೋಡ್ರಿ ವೈನಿ. ಸತ್ಯ ಅಂತದ."

ಸುನೀಲ ಓದಿದವನು, ಹೊಸ ಮಿಷನ್ನು ಅವನಿಗೇ ಅರ್ಥವಾಗುವುದು ಎಂದಾಗ ಇನ್ನೊಂದು ಬುಳುಕ್. ಮನೆತನದ ಹೆಸರಿನ ಮಾತು ಬಂದಾಗ ಮತ್ತೊಂದು. ಬಸವಣ್ಣ ಪ್ರತಿ ಸಲವೂ ಬೆರಳು ಬಡಿದು ಕುರ್ಚಿಯಲ್ಲಿ ಇನ್ನಷ್ಟು ನೆಟ್ಟಗಾದ. ದೇವಕಮ್ಮ ಮಾತಾಡಿದಾಗಲೂ ಅವನ ಕಣ್ಣು ಅವಳ ಮುಖದ ಮೇಲಿರಲಿಲ್ಲ, ಗೋಡೆಯ ಕಡೆಗಿತ್ತು. ಅವಳ ಮಾತಿಗೆ ಟಾಕಿ ಒಂದು ಸಲವೂ ನುಡಿಯಲಿಲ್ಲ.

ಪರಿಮಳಾಗೆ ಸೋಜಿಗವಾಯಿತು. ಟಾಕಿಗೆ ಮನುಷ್ಯರ ಮಾತು ತಿಳಿಯುವುದಿಲ್ಲವೆಂದು ಅವಳಿಗೆ ಗೊತ್ತು, ಆದರೂ ಅದು ಒಬ್ಬನ ಕಡೆಗೇ ಯಾಕೆ ವಾಲುತ್ತದೆ? ಕೂತಲ್ಲೇ ಗಮನವಿಟ್ಟು ಕೇಳತೊಡಗಿದಳು. ಸ್ವಲ್ಪ ಹೊತ್ತಿಗೆ ಒಗಟು ಬಿಚ್ಚಿಕೊಂಡಿತು. ಹತ್ತು ಮಾತಿನಲ್ಲಿ ಒಂಬತ್ತು ಬಸವಣ್ಣನವೇ. ಗುಳ್ಳೆ ಯಾವಾಗ ಒಡೆದರೂ ಅವನ ಮಾತಿನ ನಡುವೆಯೇ ಒಡೆಯಬೇಕು.

ಆಗ ಅವಳಿಗೆ ಒಂದು ಬುದ್ಧಿ ಹೊಳೆಯಿತು. ಪೈಪನ್ನು ಒತ್ತಿ ಹಿಡಿದರೆ ಗಾಳಿ ನಿಲ್ಲುತ್ತದೆ, ಬಿಟ್ಟರೆ ನುಗ್ಗುತ್ತದೆ. ಅಂದರೆ ಟಾಕಿ ಯಾವಾಗ ನುಡಿಯಬೇಕೆಂಬುದನ್ನು ತಾನೇ ಠರಾಯಿಸಬಹುದು. ದೇವಕಮ್ಮ ಬಾಯಿ ತೆರೆದಾಗ ಬಿಟ್ಟರಾಯಿತು. ಟಾಕಿಗೆ ಕೈ ಹಚ್ಚಬೇಡ ಎಂದು ಪ್ರವೀಣಕುಮಾರ ಹೇಳಿದ್ದ, ಆದರೆ ಅವನು ಬೆಳಿಗ್ಗೆಯೇ ಯಾದಗಿರಿ ಸ್ಟೇಷನ್ನಿಗೆ ಪಾರ್ಸಲ್ ತರಲು ಹೋಗಿದ್ದ. ಚಹಾದ ಫ್ಲಾಸ್ಕು ತರುವ ನೆವದಲ್ಲಿ ಎದ್ದು, ಗೋಡೆಯ ಆಚೆ ಹೋಗಿ, ಪರಿಮಳಾ ಪೈಪನ್ನು ಮಡಚಿ ಮುಷ್ಟಿಯಲ್ಲಿ ಹಿಡಿದಳು.

"ನಮ್ಮ ಸುನೀಲ ಎಲ್ಲಾ ಸಂಭಾಳಿಸ್ತಾನ," ಎಂದ ಬಸವಣ್ಣ, ಮತ್ತು ಕಾದ.

ಟಾಕಿ ಸುಮ್ಮನಿತ್ತು.

"ಸಂಭಾಳಿಸ್ತಾನ ಅಂದ್ರ, ಕಲೀತಾನ."

ಸುಮ್ಮನಿತ್ತು. ಬಸವಣ್ಣ ಬಾಟಲಿ ಎತ್ತಿ ನೀರು ಕುಡಿದ.

"ಕಲಿಯೋ ಮನಸ್ಸಿದ್ರ ಕಲೀತಾನ."

ಇದನ್ನು ಪರಿಮಳಾ ಬಲ್ಲಳು. ಅವಳ ಆಯಿ, ಅಂದರೆ ಅಜ್ಜಿ, ಕಥೆ ಹೇಳುವಾಗ ಕೇಳುವವರು ಮಾತು ಮಾತಿಗೂ ಹೂಂ ಅನ್ನಲೇಬೇಕಿತ್ತು. ಒಮ್ಮೆ ಆಟಕ್ಕೆಂದು ಪರಿಮಳಾ ಹೂಂ ಅನ್ನದೆ ಸುಮ್ಮನಿದ್ದಳು. ಆಯಿ ತಡವರಿಸಿದಳು, ಕಥೆಯ ರಾಜನನ್ನು ಬಿಟ್ಟಳು, ರಾಣಿಯನ್ನು ಬಿಟ್ಟಳು, ಕೊನೆಗೆ ತಾನು ಮದುವೆಯಾಗಿ ಬಂದ ವರ್ಷ ಬಾವಿಯ ಕಟ್ಟೆಯ ಮೇಲೆ ಕೂತು ಅತ್ತದ್ದನ್ನು, ಯಾರಿಗೂ ಹೇಳದಿದ್ದುದನ್ನು, ಹೇಳಿಬಿಟ್ಟಿದ್ದಳು. ಹೂಂ ಸಿಕ್ಕವನು ಇದ್ದಲ್ಲೇ ಇರುತ್ತಾನೆ, ಸಿಗದವನು ಹುಡುಕುತ್ತ ಒಳಗೊಳಗೆ ಇಳಿಯುತ್ತಾನೆ. ಎಲ್ಲಿಯವರೆಗೆ ಇಳಿಯುತ್ತಾನೆ ಎಂದು ನೋಡುವ ಆಸೆಗೆ ಅವಳು ಪೈಪನ್ನು ಬಿಡಲೇ ಇಲ್ಲ. ದೇವಕಮ್ಮನ ಪರವಾಗಿ ನುಡಿಸಬೇಕೆಂಬುದು ಮರೆತೇಹೋಯಿತು.

"ಮನಸ್ಸಿಲ್ಲ ಅವಂಗ," ಎಂದ ಬಸವಣ್ಣ. "ಮೊನ್ನಿ ಹೇಳ್ಯಾನ, ಅಪ್ಪಾ ನನ್ನ ಧೂಳಿನಾಗ ಕೂಡಿಸಬ್ಯಾಡ ಅಂತ."

ದೇವಕಮ್ಮ ಗೋಡೆಯ ಕಡೆಗೇ ನೋಡುತ್ತಿದ್ದಳು.

"ಖರೇ ಹೇಳಬೇಕಂದ್ರ ವೈನಿ, ಇದು ಸುನೀಲನ ಸಲುವಾಗಿ ಅಲ್ಲ. ಅಣ್ಣ ಮಲಗಿದ ಮೂರು ವರ್ಷ ಮನಿಯಾಗ ಕೂತು ಫೋನಿನ ಮ್ಯಾಲ ಮಿಲ್ ನಡಿಸಿದಾಕಿ ನೀವು. ಯಾವ ಮಾಲು ಹಿಡೀಬೇಕು, ಯಾರಿಗಿ ಕಳಿಸಬೇಕು, ಎಲ್ಲಾ ನೀವ ಹೇಳಿದ್ದು. ನಾ ಕುರ್ಚಿ ಮ್ಯಾಲ ಕೂತು ಹೌದ್ರಿ ಅಂದೀನಿ ಅಷ್ಟ. ನೀವು ಬಂದು ಕೂತ್ರ ಅದು ಮಂದಿಗಿ ಕಾಣ್ತದ."

"ತಂಗಿ," ಎಂದಳು ದೇವಕಮ್ಮ, "ಆ ಪೈಪ ಬಿಡವ್ವ."

ಬಗ್ಗಿ ನಿಲ್ಲಬೇಕೆಂಬುದನ್ನು ಪರಿಮಳಾ ಯಾವಾಗಲೋ ಮರೆತಿದ್ದಳು. ಗೋಡೆಯ ಮೇಲೆ ಅವಳ ತಲೆ, ಮುಷ್ಟಿ, ಪೈಪು ಮೂರೂ ಕಾಣುತ್ತಿದ್ದವು. ಬೆಚ್ಚಿ ಕೈ ಬಿಟ್ಟಳು. ಕಟ್ಟಿದ್ದ ಗಾಳಿಯೆಲ್ಲ ಒಮ್ಮೆಲೇ ನುಗ್ಗಿ ಬಕೀಟಿನ ನೀರು ನೆಲಕ್ಕೆ ಚೆಲ್ಲಿತು.

ಬಸವಣ್ಣನ ಮುಖ ಕೆಂಪಾಯಿತು. ಇಬ್ಬರೂ ಕೂಡಿ ಆಟ ಹೂಡಿದ್ದೀರಿ, ಅದಕ್ಕೇ ಈ ಜಾಗ ಹುಡುಕಿದ್ದು, ನಾನು ಆಡಿದ್ದೆಲ್ಲ ಲೆಕ್ಕಕ್ಕಿಲ್ಲ ಎಂದು ಟವೆಲು ಹೆಗಲಿಗೆ ಹಾಕಿಕೊಂಡು ಎದ್ದ. ಅವನು ಬಾಗಿಲು ದಾಟಿದರೆ ದೇವಕಮ್ಮನ ಮಿಲ್ಲು ಹೋದಂತೆ, ಅದೂ ಪರಿಮಳಾಳ ಕೈಯಿಂದ. ತಪ್ಪು ತನ್ನದೇ, ಅವ್ವಾರಿಗೆ ಏನೂ ಗೊತ್ತಿಲ್ಲ ಎಂದು ತೊದಲಿದಳು.

"ನಾ ಹೇಳಿ ಮಾಡಿಸಿದ್ರ, ಬಿಡು ಅಂತ ಯಾಕ ಅಂತಿದ್ದೆ ಬಸಣ್ಣ?" ಎಂದಳು ದೇವಕಮ್ಮ. ಅವಳು ಕುರ್ಚಿಯಿಂದ ಎದ್ದಿರಲಿಲ್ಲ. "ಇನ್ನೊಂದು ಗಳಿಗಿ ಹಿಡಿದಿದ್ರ ನಂದ ಗೆಲುವಿತ್ತು. ಬಕೀಟಿನ ಮಾತಿನ ಮ್ಯಾಲ ನನಗ ಮಿಲ್ ಬ್ಯಾಡ. ನೀ ಹೇಳು."

ಬಸವಣ್ಣ ಬಾಗಿಲ ತನಕ ಹೋಗಿದ್ದವನು ನಿಂತ. ಹೊರಗೆ ಹೋಗಲಿಲ್ಲ. ತಿರುಗಿ ಬಂದು ಗೋಡೆಯ ಆಚೆ ಹಾದು ಪರಿಮಳಾಳ ಪಕ್ಕದಲ್ಲಿ ನಿಂತು ಬಕೀಟನ್ನು ನೋಡಿದ. ಒಳಗೆ ಏನಿದೆ ಎಂದು ಕೇಳಿದ. ಜೋಳ ಎಂದಳು. ಜೋಳ ಯಾಕೆ ಸದ್ದು ಮಾಡುತ್ತದೆ ಎಂದ. ಸಿಹಿ ಉಂಡ ಜೀವದ ಉಸಿರು ಎಂದು ಪರಿಮಳಾ ಹೆದರುತ್ತ ಹೆದರುತ್ತ ಹೇಳಿದಳು. ಅವನು ಬಗ್ಗಿ ಮೂಸಿದ. ಪೈಪನ್ನು ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಐವತ್ತು ದಾಟಿದ ಆ ಮನುಷ್ಯನ ಮುಖದಲ್ಲಿ, ಹೊಸ ಗಡಿಯಾರ ಬಿಚ್ಚಿದ ಹುಡುಗನ ಕುತೂಹಲ ಸುಳಿದು ಹೋಯಿತು.

"ಇಷ್ಟಽ ಏನು," ಎಂದುಕೊಂಡ.

ಆಮೇಲೆ ಪೈಪನ್ನು ಮಡಚಿ, ಈ ಸಲ ಬಿಡದಂತೆ ಗಟ್ಟಿಯಾಗಿ ಹಿಡಿದು, ಗೋಡೆಯ ಮೇಲಿಂದ ಅತ್ತಿಗೆಯ ಮುಖ ನೋಡಿದ.

"ಈಗ ಇದು ನುಡಿಯಂಗಿಲ್ಲ. ನಾ ಹೇಳಾಕತ್ತೇನಿ. ತೊಗರಿ ಬಂದ ದಿನ ನೀವ ಕೂಡ್ರಿ ವೈನಿ. ಮಂದಿಗಿ ಕಂಡ್ರ ಕಾಣ್ಲಿ."

ದೇವಕಮ್ಮ ಕಣ್ಣನ್ನು ಸೆರಗಿನಿಂದ ಒರೆಸಿಕೊಂಡು, ಮಿಲ್ಲಿನ ಮಿಷನ್ನು ನೋಡಿಕೊಳ್ಳುವ ಮಿಸ್ತ್ರಿ ಜಲಾಲುದ್ದೀನನಿಗೆ ಈಗಲೇ ಫೋನು ಮಾಡು ಎಂದಳು. ಬಸವಣ್ಣ ಒಂದು ಕೈಯಲ್ಲಿ ಪೈಪು ಹಿಡಿದೇ ಇನ್ನೊಂದು ಕೈಯಲ್ಲಿ ಫೋನು ಹಚ್ಚಿದ. ತೊಗರಿ ಬಂದ ದಿನದಿಂದ ಆಫೀಸಿನಲ್ಲಿ ವೈನಿ ಕೂಡುತ್ತಾರೆ ಎಂದ. ಆ ಕಡೆಯಿಂದ ಜಲಾಲುದ್ದೀನ ಏನೋ ಬಹಳ ಹೊತ್ತು ಮಾತಾಡಿದ, ಬಸವಣ್ಣ ಕೇಳುತ್ತ ಕೇಳುತ್ತ ಸಣ್ಣಗಾದ.

"ಏನಂತಾನ?" ಎಂದು ಕೇಳಿದಳು ದೇವಕಮ್ಮ.

"ಹ್ವಾದ ವರ್ಷಾನ ನಿಮಗಂತ ಕುರ್ಚಿ ತಂದಿಟ್ಟಾನಂತ. ಎಲ್ಲಿ ಹಾಕ್ಲಿ ಅಂತ ಕೇಳಾಕತ್ತಾನ."

"ಕಿಟಕಿ ಬಾಜೂಕ," ಎಂದಳು ದೇವಕಮ್ಮ. "ಮಿಷನ್ ಸಪ್ಪಳ ಕೇಳಬೇಕು ನನಗ."